ಮುನಿಸಿನ ದಿನ ಯಾರೂ ಕೈ ಎತ್ತಲಿಲ್ಲ

ವೆಲ್ನಿಯಾ, ನದಿದಂಡೆಯ ಎಂಟನೇ ವಾರ್ಡು
ಬಿಡುಗಡೆಯ ಮೂರನೆಯ ವರ್ಷ, ಹದಿಮೂರನೆಯ ತಿಂಗಳು, ಇಪ್ಪತ್ತೆಂಟನೆಯ ದಿನ

ಗದಗಿನ ನರ್ಸಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿರುವ ಕುಮಾರಿ ಅನ್ನಪೂರ್ಣಾ ಕಡೇಮನಿ ಅವರಿಗೆ, ಅವರ ಮರಿಮೊಮ್ಮಗಳ ಮಗಳು ಫಕೀರವ್ವ ಮಾಡುವ ನಮಸ್ಕಾರಗಳು.

ಅಜ್ಜಿ, ಸಿಟ್ಟಾಗಬೇಡಿ. ನಿಮಗಿನ್ನೂ ಇಪ್ಪತ್ತೆರಡು, ಮದುವೆಯ ಮಾತೂ ಎದ್ದಿಲ್ಲ. ತಲೆ ಪೂರ್ತಿ ನೆರೆತ ಐವತ್ನಾಲ್ಕರ ಹೆಂಗಸೊಬ್ಬಳು ನಿಮ್ಮನ್ನು ಅಜ್ಜಿ ಎಂದರೆ ಯಾರಿಗಾದರೂ ಮೈ ಉರಿಯುತ್ತದೆ. ಬೇರೆ ಏನೆಂದು ಕರೆಯಲಿ? ನಮ್ಮ ಮನೆಯ ಗೋಡೆಯ ಮೇಲೆ ನಿಮ್ಮ ಫೋಟೊ ಇದೆ, ಅದರಲ್ಲಿ ನೀವು ನನಗಿಂತ ಮುದುಕಿ. ನನ್ನ ಭಾಷೆ ವಿಚಿತ್ರವೆನಿಸಿದರೆ ಅದನ್ನೂ ಕ್ಷಮಿಸಿ. ಮನೆಯಲ್ಲಿ ನಾವು ಆಡುವುದು ನೀವು ತಂದ ಮಾತನ್ನೇ, ಆದರೆ ಬರೆಯಲು ಕಲಿತದ್ದು ವಾರ್ಡಿನ ಭಾನುವಾರದ ಶಾಲೆಯಲ್ಲಿ, ಹಳೆಯ ಪುಸ್ತಕಗಳಿಂದ. ಹಾಗಾಗಿ ಪೆನ್ನು ಹಿಡಿದೊಡನೆ ಮೇಷ್ಟರ ಹಾಗೆ ಆಗಿಬಿಡುತ್ತೇನೆ. ಇನ್ನು ಹದಿಮೂರನೆಯ ತಿಂಗಳು ಎಂದರೆ ನಿಮ್ಮ ಪಂಚಾಂಗದ ಅಧಿಕ ಮಾಸವಲ್ಲ. ಯುರೋಪಿನ ಒಕ್ಕೂಟವನ್ನು ಬಿಟ್ಟ ಮೇಲೆ ಅವರ ಕ್ಯಾಲೆಂಡರು ನಮಗೇಕೆ ಎಂದು ನಮ್ಮ ದೇಶ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು ಮಾಡಿಕೊಂಡಿತು. ಗಡಿಯಾರವನ್ನೂ ಇಪ್ಪತ್ತು ನಿಮಿಷ ಹಿಂದಕ್ಕಿಟ್ಟೆವು. ನಿಮ್ಮ ಲೆಕ್ಕದಲ್ಲಿ ಇದು 2182ರ ಡಿಸೆಂಬರ್ ಕೊನೆ. ವೆಲ್ನಿಯಾವನ್ನು ನಿಮ್ಮ ನಕಾಶೆಯಲ್ಲಿ ಹುಡುಕಬೇಡಿ, ಅದು ಹುಟ್ಟುವುದು ನಿಮ್ಮ ಮೊಮ್ಮಕ್ಕಳ ಕಾಲಕ್ಕೆ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ನಿಮ್ಮ ಕಾಲದ ವಾಡಿಕೆಯಂತೆ. ನಾನು ಹಾಗೆ ಬರೆಯಲಾರೆ. ನನ್ನ ಒಬ್ಬಳೇ ಮಗಳು ತುಂಗವ್ವ ಹೊಳೆಯ ಆಚೆ ದಂಡೆಯಲ್ಲಿದ್ದಾಳೆ, ನಾನು ಈಚೆ ದಂಡೆಯಲ್ಲಿದ್ದೇನೆ. ನಡುವಿನ ಸೇತುವೆ ನಡೆದರೆ ಆರು ನಿಮಿಷದ್ದು. ಎರಡು ವರ್ಷ ಎಂಟು ತಿಂಗಳಿನಿಂದ ಅದರ ಮೇಲೆ ಯಾರೂ ಕಾಲಿಟ್ಟಿಲ್ಲ. ಅದಕ್ಕೆ ಕಾರಣ ನಾನು. ಇಡೀ ದೇಶ ಇದೇ ಮಾತನ್ನು ಹೆಮ್ಮೆಯಿಂದ ಹೇಳುತ್ತದೆ, ನಾನು ಮಾತ್ರ ಹಾಗೆ ಹೇಳಲಾರೆ. ಆಚೆ ದಂಡೆಗೆ ಬರೆಯುವ ಪತ್ರಗಳನ್ನು ಎರಡು ಕಡೆಯವರೂ ಒಡೆದು ಓದುತ್ತಾರೆ. ಹಿಂದಿನ ಕಾಲಕ್ಕೆ ಬರೆಯುವ ಪತ್ರವನ್ನು ಒಡೆದು ನೋಡುವ ಕಚೇರಿ ಇನ್ನೂ ಆಗಿಲ್ಲ, ಆದ್ದರಿಂದ ನಿಮಗೆ ನಿಜ ಬರೆಯುತ್ತಿದ್ದೇನೆ.

ಮೊದಲು ನಮ್ಮ ರಾಜಕೀಯ ನಿಮಗೆ ತಿಳಿಯಬೇಕು. ನಿಮ್ಮ ಕಾಲದಲ್ಲಿ ಒಕ್ಕೂಟದ ದೇಶಗಳಿಗೆ ಇನ್ನೂ ಸ್ವಂತ ಕೆಲಸಗಳಿದ್ದವು. ನಮ್ಮ ಕಾಲಕ್ಕೆ ಹಾಲಿನ ಬಾಟಲಿಯ ಮುಚ್ಚಳದಿಂದ ಹಿಡಿದು ಹೆರಿಗೆ ಆಸ್ಪತ್ರೆಯ ಬಾಗಿಲಿನ ಅಗಲದವರೆಗೆ ಎಲ್ಲ ಅಲ್ಲಿಂದಲೇ ತೀರ್ಮಾನವಾಗಿ ಬರುತ್ತಿತ್ತು. ನಮ್ಮ ಪಾರ್ಲಿಮೆಂಟಿನಲ್ಲಿ ನಲವತ್ತೊಂದು ಜನ, ಅವರಲ್ಲಿ ನಾನೂ ಒಬ್ಬಳು. ನಮಗಿದ್ದ ಕೆಲಸ ಒಂದೇ, ಅದನ್ನು ಅಳವಡಿಕೆ ಎನ್ನುತ್ತಿದ್ದರು. ಒಕ್ಕೂಟದ ಕಾನೂನು ಬರುತ್ತದೆ, ಮೊದಲ ಪುಟ ತೆಗೆದು ನಮ್ಮ ಮುದ್ರೆಯ ಪುಟ ಹಾಕುತ್ತೇವೆ, ಮೇಜು ಕುಟ್ಟುತ್ತೇವೆ, ಊಟಕ್ಕೆ ಹೋಗುತ್ತೇವೆ. ಆಸ್ಪತ್ರೆ ಬಂದರೆ ನಾವು ತಂದದ್ದು, ಟ್ರಾಮ್ ತಡವಾದರೆ ಒಕ್ಕೂಟದ ತಪ್ಪು. ಒಬ್ಬ ಸದಸ್ಯ ತನ್ನ ಮಗನ ಮದುವೆ ಮುರಿದದ್ದಕ್ಕೂ ಒಕ್ಕೂಟವನ್ನೇ ಬೈದಿದ್ದ, ಜನ ತಲೆದೂಗಿದ್ದರು. ನಮ್ಮಲ್ಲಿ ಮೂರು ಪಕ್ಷಗಳಿದ್ದವು. ಅವುಗಳ ನಡುವೆ ಇದ್ದ ವ್ಯತ್ಯಾಸ ಯಾರ ದನಿ ಎಷ್ಟು ದೊಡ್ಡದು ಎಂಬುದಷ್ಟೇ. ಬೈಯುವುದೊಂದು ಬಿಟ್ಟರೆ ಮಾಡಲು ಬೇರೆ ಏನೂ ಉಳಿದಿರದ ಮನೆಯಲ್ಲಿ ಜನ ಬೈಗುಳದಲ್ಲೇ ಪಳಗುತ್ತಾರೆ.

ಆ ಬೈಗುಳಕ್ಕೂ ಒಂದು ಹಬ್ಬವಿತ್ತು. ವಸಂತದ ಮೊದಲ ಸೋಮವಾರ ಮುನಿಸಿನ ದಿನ. ಅಂದು ಒಕ್ಕೂಟ ಬಿಟ್ಟು ಹೊರಬರಬೇಕೆಂಬ ಠರಾವನ್ನು ಮಂಡಿಸುತ್ತಿದ್ದೆವು, ನಲವತ್ತು ಜನ ಎದ್ದು ನಿಂತು ಒಬ್ಬರಿಗಿಂತ ಒಬ್ಬರು ಬಿರುಸಾಗಿ ಮಾತಾಡುತ್ತಿದ್ದೆವು, ಗ್ಯಾಲರಿಯಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಠರಾವು ಬಿದ್ದುಹೋಗುತ್ತಿತ್ತು. ದೇಶ ಕಟ್ಟಿದ ಹಿರಿಯರು ಬುದ್ಧಿವಂತರು, ಹೊರಹೋಗಲು ಸರ್ವಾನುಮತ ಬೇಕು ಎಂದು ಬೀಗ ಹಾಕಿಟ್ಟಿದ್ದರು. ಸಭಾಪತಿ ಮೂರು ಸಲ ಕೇಳುತ್ತಾರೆ, ಉಳಿಯಬೇಕು ಎನ್ನುವವರು ಯಾರಾದರೂ ಇದ್ದೀರಾ ಎಂದು. ಒಂದೇ ಒಂದು ಕೈ ಎದ್ದರೆ ಸಾಕು, ಠರಾವು ಸತ್ತಂತೆ. ಆ ಒಂದು ಕೈಯ ಧೈರ್ಯದ ಮೇಲೆ ಉಳಿದ ನಲವತ್ತು ಜನ ಎಷ್ಟು ಬೇಕಾದರೂ ಕೂಗಾಡಬಹುದಿತ್ತು.

ಆ ಕೈ ಯಾರದು ಎಂಬುದನ್ನು ಅಂದಿನ ಬೆಳಗಿನ ತಿಂಡಿ ತೀರ್ಮಾನಿಸುತ್ತಿತ್ತು. ಪಾರ್ಲಿಮೆಂಟಿನ ಅಡುಗೆಯವಳು ಯಾಗೊದಾ ನಲವತ್ತೊಂದು ಬನ್ನು ಸುಡುತ್ತಿದ್ದಳು, ಒಂದರೊಳಗೆ ಒಣಗಿದ ಪ್ಲಮ್ ಹಣ್ಣಿನ ಬೀಜ. ಯಾರ ಹಲ್ಲಿಗೆ ಬೀಜ ಸಿಕ್ಕಿತೋ ಅವರು ಅದನ್ನು ಸದ್ದಿಲ್ಲದೆ ಜೇಬಿಗೆ ಹಾಕಿಕೊಳ್ಳಬೇಕು, ಸಭೆಯಲ್ಲಿ ಕೈ ಎತ್ತಬೇಕು, ಒಂದು ವರ್ಷ ಜನರಿಂದ ಬೈಸಿಕೊಳ್ಳಬೇಕು. ಅವರನ್ನು ಹೊರೆಗಾರ ಎನ್ನುತ್ತಿದ್ದೆವು, ದೇಶದ ಹೊರೆ ಹೊತ್ತವನು ಎಂದು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಾನು ಗೆದ್ದು ಬಂದದ್ದು ಎಂಟನೇ ವಾರ್ಡಿನಿಂದ. ಇಲ್ಲಿರುವವರು ಬಹುಪಾಲು ನಿಮ್ಮ ಹಾಗೆ ವಯಸ್ಸಾದವರ ಆರೈಕೆಗೆ ಬಂದ ನರ್ಸುಗಳ ಮಕ್ಕಳು ಮೊಮ್ಮಕ್ಕಳು. ಇಲ್ಲಿಯ ಹೊಲದ ಜೋಳದ ಹಿಟ್ಟಿನಲ್ಲೇ ರೊಟ್ಟಿ ಬಡಿಯುತ್ತೇವೆ, ಶ್ರಾವಣದಲ್ಲಿ ಟ್ರಾಮ್ ಡಿಪೋದ ಹಿಂದೆ ಜೋಕಾಲಿ ಕಟ್ಟುತ್ತೇವೆ. ಐದು ತಲೆಮಾರು ಕಳೆದರೂ ಅಂಗಡಿಯವರು ನಮ್ಮನ್ನು ಯಾವಾಗ ಬಂದಿರಿ ಎಂದು ಕೇಳುವುದನ್ನು ಬಿಟ್ಟಿಲ್ಲ. ನಾನು ಸದಸ್ಯಳಾದ ಮೊದಲ ವರ್ಷ ಬೀಜ ನನ್ನ ಬನ್ನಿನಲ್ಲಿ ಬಂತು. ಅದೃಷ್ಟ ಎಂದುಕೊಂಡು ಕೈ ಎತ್ತಿದೆ. ಎರಡನೆಯ ವರ್ಷವೂ ಬಂತು. ಮೂರನೆಯ ವರ್ಷ ಬನ್ನು ಮುರಿಯುವ ಮೊದಲೇ ಗೊತ್ತಿತ್ತು. ನಾಲ್ಕನೆಯ ವರ್ಷ ನಮ್ಮ ಪಕ್ಷದ ಹಿರಿಯ ವಿಟೊಮಿರ್ ಅವರನ್ನೇ ನಿಲ್ಲಿಸಿ ಕೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ನನ್ನ ತಾಯಿ ಸತ್ತಾಗ ಮೂರು ದಿನ ಬಂದು ಕೂತಿದ್ದರು. ಬೆನ್ನು ತಟ್ಟಿ ಹೇಳಿದರು, ನೀನು ಒಕ್ಕೂಟದ ಪರ ಕೈ ಎತ್ತಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ ಫಕೀರವ್ವ, ಹೇಗೂ ಹೊರಗಿನಿಂದ ಬಂದವರಲ್ಲವೇ, ನಮ್ಮಂಥವರು ಎತ್ತಿದರೆ ಜನ ಮನೆಗೆ ಬಂದು ಹೊಡೆಯುತ್ತಾರೆ ಎಂದು. ತುಂಬ ಪ್ರೀತಿಯಿಂದ ಹೇಳಿದರು.

ಐದನೆಯ ಮುನಿಸಿನ ದಿನದ ಹಿಂದಿನ ದಿನ ಅಡುಗೆಮನೆಗೆ ಹೋಗಿ, ಈ ಸಲ ನನ್ನ ತಟ್ಟೆಗೆ ಬೇಡ ಎಂದು ಯಾಗೊದಾಗೆ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿ ಸರಿ ಎಂದಳು. ನಾಲ್ಕು ವರ್ಷವೂ ಅವಳಿಗೆ ಬೇಜಾರಿತ್ತಂತೆ. ಬೀಜವನ್ನು ಯಾರಿಗೆ ಹಾಕುತ್ತೀ ಎಂದು ನಾನು ಕೇಳಲಿಲ್ಲ. ನನಗೆ ಬೇಡವಾಗಿದ್ದುದು ಬೀಜ, ಉಳಿದದ್ದರ ಯೋಚನೆ ನನಗೇಕೆ ಎನಿಸಿತ್ತು.

ಮರುದಿನ ಬೆಳಿಗ್ಗೆ ಮಗಳು ತುಂಗಿ ಎಂಟು ತಿಂಗಳ ಹೊಟ್ಟೆ ಹೊತ್ತು ಸೇತುವೆಯ ಟ್ರಾಮ್ ಹತ್ತಿದಳು. ಹೆರಿಗೆ ಆಸ್ಪತ್ರೆ ಇರುವುದು ಆಚೆ ದಂಡೆಯಲ್ಲಿ, ಒಕ್ಕೂಟದ ಇನ್ನೊಂದು ದೇಶದ ನೆಲದಲ್ಲಿ. ಎರಡು ದಂಡೆಗೂ ಒಂದೇ ಸಾಕು ಎಂದು ಒಕ್ಕೂಟ ಅಲ್ಲಿ ಕಟ್ಟಿತ್ತು, ಎಷ್ಟೋ ವರ್ಷ ಯಾರಿಗೂ ಅದು ಬೇರೆ ದೇಶ ಎನಿಸಿರಲಿಲ್ಲ. ಅವಳ ಗಂಡ ಆಗಲೇ ಅಲ್ಲಿ ಕೆಲಸದಲ್ಲಿದ್ದ. ಬಾಗಿಲಲ್ಲಿ ನಿಂತು ಕೇಳಿದಳು, "ಅವ್ವಾ, ಇವತ್ತೂ ನೀನ ಬೈಸ್ಕೊಂಡ್ ಬರಾಕಿ ಏನು?" ನಾನು ನಕ್ಕು, "ಇಲ್ಲವ್ವಾ, ಇವತ್ತ ಬ್ಯಾರೇದವ್ರ ಪಾಳಿ. ಸಂಜೀಕ ಲಗೂನ ಬಾ, ಹೋಳಿಗಿ ಮಾಡ್ತೀನಿ" ಎಂದೆ. ಬೇಳೆ ನೆನೆಹಾಕಿಯೇ ಸಭೆಗೆ ಹೋಗಿದ್ದೆ.

ತಿಂಡಿಯ ಮೇಜಿನಲ್ಲಿ ನನ್ನ ಬನ್ನು ಮೆತ್ತಗೆ ಮುರಿಯಿತು, ಒಳಗೆ ಏನೂ ಇರಲಿಲ್ಲ. ಇಪ್ಪತ್ತು ವರ್ಷ ಕಿರಿಯಳಾದಷ್ಟು ಹಗುರವಾಯಿತು. ಆಗಲೇ ಎದುರಿಗಿದ್ದ ವಿಟೊಮಿರ್ ಕೆನ್ನೆ ಹಿಡಿದುಕೊಂಡರು. ಬಾಯಿಂದ ಏನನ್ನೋ ತೆಗೆದು ನೋಡಿದರು, ಅಡುಗೆಯವಳ ಕೈತಪ್ಪು ಎಂಬಂತೆ ತಲೆಯಾಡಿಸಿ ಕರವಸ್ತ್ರದಲ್ಲಿ ಸುತ್ತಿಟ್ಟರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವರ ತಟ್ಟೆಗೆ ಬೀಜ ಬಂದಿರಲಿಲ್ಲ. ಈ ಸಲದ ಪಾಳಿ ತಮ್ಮದೇ ಎಂದು ಅವರಿಗೆ ಹೊಳೆಯಲೇ ಇಲ್ಲ. ನಾನು ನೋಡಿದೆ ಅಜ್ಜಿ, ಕಣ್ಣಾರೆ ನೋಡಿದೆ.

ಸಭೆಯಲ್ಲಿ ಅಂದು ಮೊದಲ ಬಾರಿ ನಾನೂ ಎದ್ದು ಒಕ್ಕೂಟವನ್ನು ಬೈದೆ. ಬೈಗುಳ ಚೆನ್ನಾಗಿಯೇ ಬಂತು, ಎಷ್ಟೋ ವರ್ಷದ್ದು ಒಳಗಿತ್ತು, ಅದರಲ್ಲಿ ಒಕ್ಕೂಟದ ಪಾಲು ಮಾತ್ರ ಕಡಿಮೆ. ಗ್ಯಾಲರಿಯಲ್ಲಿ ಯಾರೋ ನನ್ನ ಹೆಸರು ಹಿಡಿದು ಕೂಗಿದರು, ನಮ್ಮ ಫಕೀರವ್ವ ಎಂದರು. ನಮ್ಮ ಎಂಬ ಮಾತನ್ನು ಈ ಊರಿನ ಬಾಯಿಂದ ಅಂದೇ ಕೇಳಿದ್ದು. ಆಮೇಲೆ ಸಭಾಪತಿ ಕೇಳಿದರು, ಉಳಿಯಬೇಕು ಎನ್ನುವವರು? ಯಾರೂ ಎತ್ತಲಿಲ್ಲ. ವಿಟೊಮಿರ್ ತಿರುಗಿ ನನ್ನತ್ತ ನೋಡಿದರು, ಹುಬ್ಬು ಏರಿಸಿದರು. ಎರಡನೆಯ ಸಲ ಕೇಳಿದಾಗ ನಲವತ್ತು ಮುಖಗಳೂ ನನ್ನ ಕಡೆಗೆ ತಿರುಗಿದ್ದವು. ಯಾರ ಮುಖದಲ್ಲೂ ಹೆದರಿಕೆ ಇರಲಿಲ್ಲ, ಚಹಾ ತರುವುದು ತಡವಾಯಿತಲ್ಲ ಎಂಬ ಸಣ್ಣ ಬೇಸರವಷ್ಟೇ ಇತ್ತು. ನನ್ನ ಕೈ ಮಂಡಿಯ ಮೇಲಿತ್ತು. ವಿಟೊಮಿರ್ ಎತ್ತಲಿ, ಬೀಜ ಅವರದು ಎಂದು ಕಾದೆ. ನಾನು ಎತ್ತುತ್ತೇನೆ ಎಂದು ಅವರು ಕಾದರು. ನಮ್ಮ ಮನೆಯಲ್ಲೊಂದು ಕಟ್ಟಳೆಯೂ ಇದೆ, ತೊಟ್ಟಿಲಿನಿಂದಲೇ ಕಿವಿಗೆ ಬಿದ್ದದ್ದು: "ಪರದೇಶದಾಗ ಮೊದಲನೇ ಕೈ ಎತ್ತಬ್ಯಾಡ. ನಾಕ್ ಮಂದಿ ಎತ್ತಿದ ಮ್ಯಾಲೆ ಎತ್ತು." ಅದೂ ಆಗ ನೆನಪಾಯಿತು. ಆದರೆ ನಿಜ ಹೇಳಿಬಿಡುತ್ತೇನೆ. ಮೂರನೆಯ ಸಲ ಕೇಳುವ ಹೊತ್ತಿಗೆ ಅವರು ಎತ್ತುವುದಿಲ್ಲ ಎಂದು ನನಗೆ ಖಚಿತವಾಗಿತ್ತು. ನನ್ನ ಕೈಗೆ ಸಮಯವಿತ್ತು. ಅಷ್ಟು ಜನ ನನಗಾಗಿ ಕಾಯುವುದು ಸಿಹಿಯಾಗಿತ್ತು, ಇನ್ನೊಂದು ಗಳಿಗೆ ಕಾಯಲಿ ಎನಿಸಿತು. ಆ ಗಳಿಗೆಯಲ್ಲೇ ಸುತ್ತಿಗೆ ಬಿತ್ತು.

ಮೊದಲ ಕೆಲವು ನಿಮಿಷ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಸಭಾಪತಿಯವರೇ ನಿಯಮದ ಪುಸ್ತಕ ತರಿಸಿ ಓದಿದರು. ಹೊರಗೆ ಗಂಟೆಗಳು ಬಾರಿಸತೊಡಗಿದಾಗ ನಾವು ಗೆದ್ದಿದ್ದೇವೆಂದು ನಮಗೆ ಗೊತ್ತಾಯಿತು. ಮಧ್ಯಾಹ್ನ ಎರಡಕ್ಕೆ ಒಕ್ಕೂಟದವರು ಆಚೆಯಿಂದ ಸೇತುವೆ ಮುಚ್ಚಿದರು, ಅವಮಾನವಾಗಬಾರದೆಂದು ನಾವೂ ಈಚೆಯಿಂದ ಮುಚ್ಚಿದೆವು. ಆರು ವಾರದ ಮಾತು ಎಂದರು. ಮಾತುಕತೆ ಮುರಿದ ಮೇಲೆ ಎರಡೂ ಕಡೆ ಒಂದು ಕಾನೂನು ಬಂತು, ನಿಂತ ನೆಲದ ಕಾನೂನು. ಸುತ್ತಿಗೆ ಬಿದ್ದಾಗ ಯಾರು ಎಲ್ಲಿ ನಿಂತಿದ್ದರೋ ಅವರು ಅಲ್ಲಿಯವರು. ತುಂಗಿ ಆಗ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಳು. ನೆನೆಹಾಕಿದ ಬೇಳೆಯನ್ನು ಮೂರನೆಯ ದಿನ ಚೆಲ್ಲಿದೆ.

ನನ್ನನ್ನು ಈಗ ಕೈ ಎತ್ತದ ತಾಯಿ ಎನ್ನುತ್ತಾರೆ. ಪಾರ್ಲಿಮೆಂಟಿನ ಮುಂದಿನ ಟ್ರಾಮ್ ನಿಲ್ದಾಣಕ್ಕೆ ನನ್ನ ಹೆಸರಿದೆ. ಹೊರಗಿನಿಂದ ಬಂದವಳೇ ಉಳಿಯಲು ಒಪ್ಪಲಿಲ್ಲವೆಂದರೆ ಒಕ್ಕೂಟ ಎಷ್ಟು ಕೆಟ್ಟದ್ದಿರಬೇಕು ಎಂದು ಮೂರನೇ ತರಗತಿಯ ಪಾಠದಲ್ಲಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ನನ್ನ ಬಲಗೈ ಮುಟ್ಟಿ ಹೋಗುತ್ತಾರೆ. ವಿಟೊಮಿರ್ ಆ ಬೀಜಕ್ಕೆ ಬೆಳ್ಳಿ ಕಟ್ಟಿಸಿ ಕೊರಳಿಗೆ ಹಾಕಿಕೊಂಡಿದ್ದಾರೆ, ಬೇಕೆಂದೇ ಸುಮ್ಮನಿದ್ದೆ ಎಂದು ಭಾಷಣ ಮಾಡುತ್ತಾರೆ. ಈಗ ಅವರೇ ಅದನ್ನು ನಂಬಿದ್ದಾರೆಂದು ಕಾಣುತ್ತದೆ. ನಾನು ಒಮ್ಮೆ ನಡೆದದ್ದನ್ನು ನಡೆದ ಹಾಗೆ ಹೇಳಲು ಹೋದೆ. ಎಲ್ಲರೂ ನಕ್ಕರು, ಎಷ್ಟು ವಿನಯ ನೋಡಿ ಎಂದರು. ಟ್ರಾಮ್ ಈಗಲೂ ತಡವಾಗಿಯೇ ಬರುತ್ತದೆ. ಯಾರನ್ನು ಬೈಯುವುದೆಂದು ತಿಳಿಯದೆ ಜನ ನಿಲ್ದಾಣದಲ್ಲಿ ಸುಮ್ಮನೆ ನಿಲ್ಲುತ್ತಾರೆ. ಶೇಂಗಾ ಸೇತುವೆ ದಾಟಿ ಬರುತ್ತಿತ್ತು, ಅದೂ ನಿಂತು ನಾವು ಅಕ್ರೋಟಿನ ಚಟ್ನಿ ಕುಟ್ಟುತ್ತಿದ್ದೇವೆ. ಶೇಂಗಾ ಚಟ್ನಿಗೆ ಅದು ಹತ್ತಿರಕ್ಕೂ ಬರುವುದಿಲ್ಲ.

ಮಕ್ಕಳು ಆಚೆ ಉಳಿದವರಲ್ಲಿ ವರ್ಷಕ್ಕೊಮ್ಮೆ ಚೀಟಿ ಎತ್ತಿ ಇಪ್ಪತ್ತು ಜನರನ್ನು ಒಂದು ದಿನದ ಮಟ್ಟಿಗೆ ದಾಟಿಸುತ್ತಾರೆ. ನನ್ನ ಹೆಸರನ್ನೂ ಸೇರಿಸಿ ಎಂದು ಕೇಳಿದೆ. ವಿಟೊಮಿರ್ ನನ್ನ ಎರಡೂ ಕೈ ಹಿಡಿದುಕೊಂಡು, ನೀನೇ ಆಚೆ ಹೋಗಬೇಕು ಎಂದರೆ ಜನ ಏನೆಂದುಕೊಳ್ಳುತ್ತಾರೆ ತಾಯಿ ಎಂದರು. ರಾಜೀನಾಮೆ ಕೊಟ್ಟೆ, ಒಪ್ಪಲಿಲ್ಲ, ನಿಲ್ದಾಣಕ್ಕೆ ಹೂಮಾಲೆ ಹಾಕಿಸಿದರು. ಮರಳಿ ಒಕ್ಕೂಟ ಸೇರೋಣವೆಂದು ಎರಡು ಸಲ ಗುಟ್ಟಾಗಿ ಅರ್ಜಿಯೂ ಹೋಯಿತು. ಹೊಸಬರನ್ನು ಸೇರಿಸಿಕೊಳ್ಳಲು ಅಲ್ಲಿಯೂ ಸರ್ವಾನುಮತ ಬೇಕಂತೆ, ಎರಡು ಸಲವೂ ಯಾವುದೋ ಒಂದು ದೇಶ ಬೇಡವೆಂದು ಕೈ ಎತ್ತಿತು. ಆ ಮನೆಯಲ್ಲೂ ಬನ್ನು ಸುಡುತ್ತಾರೇನೋ.

ನಮಗೆ ಉಳಿದಿರುವುದು ಸೇತುವೆ ಹೊತ್ತು. ದಿನವೂ ಮಧ್ಯಾಹ್ನ ಮುಕ್ಕಾಲು ಗಂಟೆ ಎರಡೂ ದಂಡೆಯ ಜನ ತಂತಮ್ಮ ಕಡೆ ನಿಂತು ಒಬ್ಬರನ್ನೊಬ್ಬರು ನೋಡಬಹುದು. ಗಡಿಯಾರ ಬೇರೆಯಾದ್ದರಿಂದ ಇಬ್ಬರೂ ಒಟ್ಟಿಗೆ ಸಿಗುವುದು ಇಪ್ಪತ್ತೈದು ನಿಮಿಷ. ಕೂಗಿದರೆ ಕೇಳಿಸುವುದಿಲ್ಲ, ದುರ್ಬೀನು ಒಯ್ಯುವಂತಿಲ್ಲ. ಬಟ್ಟೆ ಬೀಸಬಹುದು. ಆದರೆ ಹೊಸ ಬಟ್ಟೆಯನ್ನು ಬಾವುಟವೆಂದು ಕಸಿದುಕೊಳ್ಳುತ್ತಾರೆ. ನೂರು ವರ್ಷಕ್ಕಿಂತ ಹಳೆಯದು, ಮನೆಯಲ್ಲೇ ಬಂದದ್ದು ಎಂದು ಕಚೇರಿಯ ಮುದ್ರೆ ಬಿದ್ದಿದ್ದರೆ ಮಾತ್ರ ಬಿಡುತ್ತಾರೆ. ನಮ್ಮ ಮನೆಯಲ್ಲಿ ಅಷ್ಟು ಹಳೆಯದು ಒಂದೇ ಇದೆ, ನೀವು ತಂದ ಗುಳೇದಗುಡ್ಡದ ಖಣ. ತಲೆಮಾರಿನಿಂದ ತಲೆಮಾರಿಗೆ ಕೊಟ್ಟುಕೊಂಡು ಬಂದಿದ್ದೇವೆ, ಕುಪ್ಪಸ ಹೊಲಿಸಲು ಯಾರಿಗೂ ಮನಸ್ಸಾಗಿಲ್ಲ. ಹಸಿರು ಖಣ, ಸಣ್ಣ ಅಂಚು. ಅದನ್ನೇ ದಿನವೂ ಬೀಸುತ್ತೇನೆ. ನಮ್ಮ ದಂಡೆಯ ತುಂಬ ವಿಲೋ ಮರಗಳು, ಚಳಿಗಾಲದಲ್ಲೂ ಅವುಗಳ ಮೇಲೆ ಹಸಿರು ಹಂಬು.

ತುಂಗಿಗೆ ಹೆಣ್ಣು ಕೂಸು ಹುಟ್ಟಿತು. ನಿಮ್ಮ ಹೆಸರೇ ಇಟ್ಟಿದ್ದಾಳೆ, ಅನ್ನಪೂರ್ಣಾ. ಈಗ ಮಾತು ಬಂದಿದೆಯಂತೆ. ಹೋದ ತಿಂಗಳು ಅವಳ ಪತ್ರ ಬಂತು. ಬೇರೆಯವರು ಓದುತ್ತಾರೆಂದು ಹೆಚ್ಚು ಬರೆಯುವುದಿಲ್ಲ. ಅದರಲ್ಲಿದ್ದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ: "ಅವ್ವಾ, ನೀ ಯಾವಾಕಿ ಅಂತ ನನಗ ಗೊತ್ತಾಗವಲ್ದು. ಹಸರ ಅರಿವಿ ಗಿಡದಾಗ ಕೂಡಿ ಹೋಗತೈತಿ. ಕೂಸು ದಿನಾ 'ಅಜ್ಜಿ ಯಾವಾಕಿ?' ಅಂತ ಕೇಳತೈತಿ. ನಾ ಯಾರನ್ನರೆ ತೋರಸತೀನಿ."

ಯಾರನ್ನಾದರೂ ತೋರಿಸುತ್ತಾಳಂತೆ. ನನ್ನ ಮೊಮ್ಮಗಳು ದಿನವೂ ಯಾರೋ ಹೆಂಗಸಿಗೆ ಕೈ ಬೀಸಿ ಮನೆಗೆ ಹೋಗುತ್ತಿದ್ದಾಳೆ. ಆ ಪತ್ರ ಓದಿದ ದಿನ ನಾನು ಅತ್ತೆ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಕೈ ಎತ್ತಬೇಡ ಎಂಬ ಕಟ್ಟಳೆ ನಿಮ್ಮದೇ ಎಂದು ಮನೆಯಲ್ಲಿ ಹೇಳುತ್ತಾರೆ. ಅದನ್ನು ಹೇಳಬೇಡಿ ಎಂದು ಬೇಡಿಕೊಳ್ಳಲು ನಾನು ಈ ಪತ್ರ ಬರೆಯುತ್ತಿಲ್ಲ. ನೀವು ಬಂದಿಳಿದಾಗ ಅಪರಿಚಿತ ವಾರ್ಡಿನಲ್ಲಿ ಹೆದರಿಕೊಂಡು ನಿಂತ ಹುಡುಗಿಯಾಗಿರುತ್ತೀರಿ, ನಿಮಗೆ ಅದು ಬೇಕಾಗುತ್ತದೆ. ಎಲ್ಲರಿಗಿಂತ ಹಿಂದೆ ನಿಂತೇ ನೀವು ನಮ್ಮನ್ನೆಲ್ಲ ಉಳಿಸಿದಿರಿ. ಬರಬೇಡಿ ಎಂದೂ ಹೇಳಲಾರೆ, ನೀವು ಬರದಿದ್ದರೆ ಆಚೆ ದಂಡೆಯ ಆ ಕೂಸಿಲ್ಲ. ಅಂದು ಕೈ ಎತ್ತದೆ ಕುಳಿತವಳು ನಾನು, ನೀವಲ್ಲ. ಅದನ್ನು ಯಾರ ಮೇಲೂ ಹೊರಿಸುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ನೀವು ಹೊರಡುವುದಕ್ಕೆ ಒಂದು ವಾರ ಮೊದಲು ನಿಮ್ಮ ತಾಯಿಯ ಜೊತೆ ಗದಗಿನ ಪೇಟೆಗೆ ಹೋಗುತ್ತೀರಿ. ಅಂಗಡಿಯವನು ಎರಡು ಖಣ ಹರವುತ್ತಾನೆ, ಒಂದು ಹಸಿರು, ಒಂದು ಕೆಂಪು. ಕೆಂಪಿನದನ್ನು ನೀವು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಿರಂತೆ. ಆಮೇಲೆ, ಗುರುತಿಲ್ಲದ ಊರಲ್ಲಿ ಕಣ್ಣಿಗೆ ಹೊಡೆಯುವಂಥದ್ದು ಬೇಡವೆಂದು ಹಸಿರನ್ನು ಕಟ್ಟಿಸಿಕೊಂಡು ಬಂದಿರಂತೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ನಿಮ್ಮ ಜಾಣತನಕ್ಕೆ ಉದಾಹರಣೆಯಾಗಿ ಹೇಳುತ್ತಾರೆ.

ಕಣ್ಣಿಗೆ ಹೊಡೆಯಲಿ ಅಜ್ಜಿ. ಕೆಂಪನ್ನೇ ತನ್ನಿ.

ಸೇತುವೆಯ ಗಂಟೆ ಬಾರಿಸುತ್ತಿದೆ. ಇವತ್ತಿಗೆ ಹಸಿರನ್ನೇ ಹಿಡಿದುಕೊಂಡು ಹೋಗುತ್ತೇನೆ.

ನಿಮ್ಮ
ಫಕೀರವ್ವ